ತೂಕ ಹೇಳ್ತಿದ್ದ ಮೆಷಿನ್ ಈಗ ತೂಕಕ್ಕೆ ಮಾರಾಟ

1/5

ಹಳೇ ಸಾಮಾನು ಕೂಡಿಹಾಕೋದು ದೊಡ್ಡ ವಿಷಯ ಅಲ್ಲ ಕಣ್ರಪ್ಪ. ಅದು ಏನು, ಯಾವ ಕಾಲದ್ದು, ಯಾರ ಕೈಯಲ್ಲಿ ಓಡ್ತಿತ್ತು ಅಂತ ಗುರುತು ಹಿಡಿಯೋದು ದೊಡ್ಡದು. ಗುರುತಿಲ್ಲದ ಸಂಗ್ರಹ ಅಂದ್ರೆ ಅಟ್ಟದ ಮೇಲಿನ ಸಾಮಾನು, ಅಷ್ಟೇ. ಈ ಸರಣಿಯಲ್ಲಿ ನನ್ನ ವಾದ ಇದೊಂದೇ.

ವಿಷಯ: ಕಾಸು ಹಾಕಿದ್ರೆ ಕೆಲಸ ಮಾಡೋ ಹಳೇ ಮೆಷಿನ್‌ಗಳು. ರೈಲ್ವೆ ಸ್ಟೇಷನ್ನಲ್ಲಿ ಕೆಂಪು-ಹಳದಿ ಲೈಟು ಮಿಣುಕಿಸ್ಕೊಂಡು ನಿಂತಿರ್ತಿದ್ದ ತೂಕದ ಮೆಷಿನ್ ನೆನಪಿದ್ಯಾ? ಮೇಲೆ ಹತ್ತಿ ನಿಂತ್ಕೊಂಡು, ಚಕ್ರ ತಿರುಗೋದು ನಿಲ್ಲೋವರೆಗೂ ಕಾದು, ಕಾಸು ಹಾಕಿದ್ರೆ ಟಕ್ ಅಂತ ಒಂದು ರಟ್ಟಿನ ಚೀಟಿ ಬೀಳ್ತಿತ್ತು. ಅದರಲ್ಲಿ ನಿಮ್ಮ ತೂಕ, ಜೊತೆಗೆ ಒಂದು ಸಾಲು ಭವಿಷ್ಯ. ಕೆಲವು ಚೀಟಿಗಳಲ್ಲಿ ಸಿನಿಮಾ ನಟರ ಫೋಟೋನೂ ಇರ್ತಿತ್ತು. ಇನ್ನೊಂದು, ಅಂಗಡಿ ಮುಂದೆ ನೇತಾಡ್ತಿದ್ದ ಒಂದು ರೂಪಾಯಿ ಕಾಯಿನ್ ಫೋನ್. ನಮ್ಮ ವಯಸ್ಸಿನವರಿಗೆ ಇವೆರಡೂ ಅರ್ಧಂಬರ್ಧ ನೆನಪು. ನಮ್ಮ ತಮ್ಮ-ತಂಗಿಯರಿಗೆ ಅದೂ ಇಲ್ಲ.

ಕುದೂರಲ್ಲಿ ಕೂತು ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ, ಮಾಗಡಿ ಕಡೆಯ ಒಂದು ಗುಜರಿ ಅಂಗಡಿಯಲ್ಲಿ ಇಂಥದ್ದೊಂದು ತೂಕದ ಮೆಷಿನ್ ನೋಡಿದೆ. ಗಾಜು ಒಡೆದಿತ್ತು, ಹೆಸರಿನ ಪಟ್ಟಿ ಕಿತ್ತುಹೋಗಿತ್ತು. ರೇಟ್ ಕೇಳಿದ್ರೆ ಕೆಜಿ ಲೆಕ್ಕ ಹೇಳಿದ್ರು. ಊರವರ ತೂಕ ಹೇಳಿದ ಮೆಷಿನ್ನು ಕೊನೆಗೆ ತಾನೇ ತಕ್ಕಡಿ ಹತ್ತಿತ್ತು. ಗುಜರಿಯವರ ತಪ್ಪು ಅಂತ ನಾನು ಹೇಳಲ್ಲ, ಅವರಿಗೆ ಅದು ಕಬ್ಬಿಣ. ಅದು ಕಬ್ಬಿಣಕ್ಕಿಂತ ಹೆಚ್ಚು ಅಂತ ಹೇಳಬೇಕಾದವರು ಯಾರು? ಪ್ರಶ್ನೆ ಅದು.

2/5

ಈ ಹವ್ಯಾಸ ಜೋರಾಗಿರೋದು ಬ್ರಿಟನ್ನಲ್ಲಿ. ಈ ಮೆಷಿನ್‌ಗಳ ದೊಡ್ಡ ವ್ಯಾಪಾರ ಶುರುವಾದದ್ದೂ ಹೆಚ್ಚುಕಮ್ಮಿ ಅಲ್ಲೇ. 1880ರ ದಶಕದಲ್ಲಿ ಪರ್ಸಿವಲ್ ಎವೆರಿಟ್ ಅನ್ನೋರು ಲಂಡನ್ನಲ್ಲಿ ಕಾಸು ಹಾಕಿದ್ರೆ ಪೋಸ್ಟ್ ಕಾರ್ಡ್ ಕೊಡೋ ಮೆಷಿನ್ ಇಟ್ರು. ಕಾಸಿನ ತೂಕದ ಮೆಷಿನ್‌ಗೂ ಪೇಟೆಂಟ್ ತಗೊಂಡ್ರು. ಅಂದ್ರೆ ನಮ್ಮ ಸ್ಟೇಷನ್ನಲ್ಲಿ ನಿಂತಿದ್ದ ಮೆಷಿನ್‌ಗೆ ವಂಶಾವಳಿ ಇದೆ.

ಆಮೇಲೆ ಬ್ರೈಟನ್, ಬ್ಲ್ಯಾಕ್‌ಪೂಲ್ ಥರದ ಸಮುದ್ರ ತೀರದ ಊರುಗಳಲ್ಲಿ ಪೆನ್ನಿ ಹಾಕಿ ಆಡೋ ಆಟದ ಮೆಷಿನ್‌ಗಳು ತುಂಬ್ಕೊಂಡವು. ಅದರಲ್ಲಿ ಒಂದು ಜಾತಿಯ ಹೆಸರು ಆಲ್‌ವಿನ್. ಗೋಡೆಗೆ ನೇತುಹಾಕೋ ಮರದ ಪೆಟ್ಟಿಗೆ. ಕೆಳಗಿನ ಪುಟ್ಟ ಲಿವರ್ ಹೊಡೆದ್ರೆ ಗುಂಡು ಸುರುಳಿ ಸುತ್ತಿ ಮೇಲೆ ಹೋಗಿ ಒಂದು ಬಟ್ಟಲಿಗೆ ಬೀಳುತ್ತೆ. ಗೆಲ್ಲೋ ಬಟ್ಟಲಾದ್ರೆ ಕಾಸು ವಾಪಸ್. ಕೆಗ್‌ವರ್ತ್ ಅನ್ನೋ ಊರಿನ ಬ್ರಯಾನ್ಸ್ ಕಂಪನಿ ಮಾಡಿದ ಮೆಷಿನ್‌ಗಳಿಗೆ ಸಂಗ್ರಹಕಾರರು ಇವತ್ತೂ ಹುಡುಕಾಡ್ತಾರೆ.

ಅವರು ಗುರುತು ಹಿಡಿಯೋದು ಹೇಗೆ? ಹೆಸರಿನ ಪಟ್ಟಿ ಒಂದನ್ನೇ ನಂಬಲ್ಲ. ಪಟ್ಟಿ ಕಿತ್ತುಹೋಗಿರುತ್ತೆ, ಬಣ್ಣ ಮೇಲಿಂದ ಮೇಲೆ ಬಳಿದಿರ್ತಾರೆ, ಹೊಸದಾಗಿ ಮಾಡಿದ ನಕಲುಗಳೂ ಇವೆ. ಅದಕ್ಕೆ ಎರಕದ ಭಾಗಗಳ ಆಕಾರ, ಒಳಗಿನ ಮೆಕ್ಯಾನಿಸಂ, ಬೀಗ, ಎಲ್ಲಕ್ಕಿಂತ ಮುಖ್ಯವಾಗಿ ಕಾಸು ಹಾಕೋ ಸೀಳು ನೋಡ್ತಾರೆ. 1971ರ ಫೆಬ್ರವರಿ 15ಕ್ಕೆ ಬ್ರಿಟನ್ ಹಣದ ಲೆಕ್ಕವನ್ನೇ ಬದಲಾಯಿಸ್ತು. ಒಂದು ಪೌಂಡಿಗೆ 240 ಪೆನ್ಸ್ ಇದ್ದದ್ದು 100 ಆಯ್ತು. ಸುಮಾರು 31 ಮಿ.ಮೀ. ಅಗಲದ ಹಳೇ ದೊಡ್ಡ ಪೆನ್ನಿ ಚಲಾವಣೆಯಿಂದ ಹೋಯ್ತು. ಹಾಗಾಗಿ ಹಳೇ ಪೆನ್ನಿಯ ಅಳತೆಗೆ ಕೊರೆದ ಸೀಳು ಸಿಕ್ಕಿದ್ರೆ, ಮೆಷಿನ್ ಅದಕ್ಕಿಂತ ಹಿಂದಿನದು ಅನ್ನೋಕೆ ಒಂದು ಗಟ್ಟಿ ಸಾಕ್ಷಿ ಸಿಕ್ಕಂತೆ.

3/5

ಈಗ ನಮ್ಮ ಕಡೆಗೆ ಬನ್ನಿ. ಇದೇ ಉಪಾಯ ನಮ್ಮಲ್ಲೂ ನಡೆಯುತ್ತೆ, ಇನ್ನೂ ಚೆನ್ನಾಗಿ ನಡೆಯುತ್ತೆ. ಯಾಕಂದ್ರೆ ನಮ್ಮ ಕಾಸುಗಳು ಎಷ್ಟು ಸಲ ಬದಲಾಗಿವೆ ನೋಡಿ.

1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1964ರ ಜೂನ್ 1ಕ್ಕೆ ‘ನಯಾ’ ಬಿಟ್ಟು ಬರೀ ಪೈಸೆ ಆಯ್ತು. ಮೆಷಿನ್ ಮೇಲೆ ‘ಆಣೆ’ ಅಂತ ಕೆತ್ತಿದ್ರೆ ಒಂದು ಕಾಲ, ‘ನಯಾ ಪೈಸೆ’ ಅಂತಿದ್ರೆ ನಡುವಿನ ಏಳು ವರ್ಷ. ಎರಡು ಪದ ಓದಿದ್ರೆ ಸಾಕು, ಅರ್ಧ ವಯಸ್ಸು ಗೊತ್ತಾಯ್ತು.

ಒಂದು ರೂಪಾಯಿ ಕಾಯಿನ್ ತಗೊಳ್ಳಿ. 1975ರಲ್ಲಿ 28 ಮಿ.ಮೀ., 8 ಗ್ರಾಂ. 1983ರಿಂದ 26 ಮಿ.ಮೀ., 6 ಗ್ರಾಂ. 1992ರಲ್ಲಿ ಸ್ಟೀಲ್ ಕಾಯಿನ್ ಬಂತು: 25 ಮಿ.ಮೀ., 4.85 ಗ್ರಾಂ. 2011ರಲ್ಲಿ ಇನ್ನೂ ಕುಗ್ಗಿ ಸುಮಾರು 22 ಮಿ.ಮೀ. ಹಣದುಬ್ಬರ ಅಂದ್ರೆ ಏನು ಅಂತ ಎಕನಾಮಿಕ್ಸ್ ಕ್ಲಾಸಲ್ಲಿ ಬರ್ಕೊಂಡ್ವಲ್ಲ, ಇಲ್ಲಿ ಸ್ಕೇಲ್ ಇಟ್ಟು ಅಳೀಬಹುದು.

ಇನ್ನೊಂದು ಮಜಾ ಕೇಳಿ. 2011ರ ಎರಡು ರೂಪಾಯಿ ಕಾಯಿನ್ ಕೂಡ 25 ಮಿ.ಮೀ., 4.85 ಗ್ರಾಂ. ಅಂದ್ರೆ ಹಳೇ ಒಂದು ರೂಪಾಯಿಯದೇ ಅಳತೆ, ಅದೇ ತೂಕ! ಇವೆರಡನ್ನು ಮಾತ್ರ ನೋಡೋ ಹಳೇ ಡಬ್ಬಿಗೆ ಎರಡು ರೂಪಾಯಿನೂ ಒಂದೇ ರೂಪಾಯಿ. ಹೊಸ ಒಂದು ರೂಪಾಯಿ ಹಾಕಿದ್ರೆ ಮಾತ್ರ ‘ಇದು ಯಾವುದಪ್ಪಾ’ ಅಂತ ಕೆಳಗೆ ಬೀಳಿಸುತ್ತೆ. ಕಾಸು ಬದಲಾದ ಪ್ರತಿ ಸಲ ಇಂಥ ಮೆಷಿನ್ ಇಟ್ಟೋರಿಗೆ ಎರಡೇ ದಾರಿ: ಸೀಳು ತಿದ್ದಿಸಬೇಕು, ಇಲ್ಲಾ ಮೂಲೆಗೆ ಹಾಕಬೇಕು.

ಅದಕ್ಕೇ ಹೇಳೋದು, ಸೀಳಿನ ಸುತ್ತ ಉಜ್ಜಿದ ಗುರುತು, ಮೇಲೆ ಬೆಸೆದ ತಗಡು, ಹಳೇ ದರದ ಮೇಲೆ ಅಂಟಿಸಿದ ಹೊಸ ದರ, ಇವು ಯಾವುದೂ ಡ್ಯಾಮೇಜ್ ಅಲ್ಲ. ಅವು ಆ ಮೆಷಿನ್ನಿನ ಪಾಸ್‌ಬುಕ್ ಎಂಟ್ರಿಗಳು. ಫಳಫಳ ಅನ್ಲಿ ಅಂತ ಉಜ್ಜಿ, ಹೊಸ ಪೇಂಟ್ ಹೊಡೆದು ರೀಲ್ಸ್ ಮಾಡೋರು ಆ ಎಂಟ್ರಿಗಳನ್ನೇ ಅಳಿಸ್ತಿದ್ದಾರೆ. ಲೈಕ್ ಬರುತ್ತೆ, ಲೆಕ್ಕ ಹೋಗುತ್ತೆ.

4/5

ಈಗ ನಿಮ್ಮ ತಕರಾರು. ನನಗೆ ಮುಖಾಮುಖಿ ಕೇಳಿದ್ದೇ ಇವು.

‘ಯುಪಿಐ ಕಾಲದಲ್ಲಿ ಇದೆಲ್ಲ ಯಾಕ್ ಗುರೂ?’ ಯುಪಿಐ ಕಾಲ ಅನ್ನೋದಕ್ಕೇ ಬೇಕು. ಒಂದು ರೂಪಾಯಿ ಕೈಯಲ್ಲಿ ಹಿಡಿದು ಮಾಡ್ತಿದ್ದ ಕೆಲಸ ಏನೇನಿತ್ತು ಅಂತ ತೋರಿಸೋಕೆ ಬೇರೆ ಸಾಕ್ಷಿ ಎಲ್ಲಿದೆ? ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ, ಹೋದ್ರೆ ಇಂಜಿನ್ ಮುಂದೆ ನಿಂತು ಫೋಟೋ ತೆಗಿಸ್ಕೊಂಡು ಬರ್ತೀವಿ. ಇಂಜಿನ್ ದೊಡ್ಡದು, ಯಾರಾದ್ರೂ ಉಳಿಸ್ತಾರೆ. ಪ್ಲಾಟ್‌ಫಾರ್ಮ್ ಮೂಲೆಯ ಮೆಷಿನ್ ಚಿಕ್ಕದು, ಅದಕ್ಕೆ ನಾವೇ ಗತಿ.

‘ಸ್ಲಾಟ್ ಮೆಷಿನ್ ಅಂದ್ರೆ ಜೂಜಲ್ವಾ?’ ಬ್ರಿಟನ್ನಿನ ಹಲವು ಮೆಷಿನ್‌ಗಳು ಜೂಜಿನವೇ, ಮುಚ್ಚುಮರೆ ಇಲ್ಲ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಿನ ಅಡ್ಡೆ ನಡೆಸೋದನ್ನ ಅಪರಾಧ ಅನ್ನುತ್ತೆ. ನಾನು ಹೇಳ್ತಿರೋದು ತೂಕ ನೋಡಿದ, ಊರಿಗೆ ಫೋನ್ ಮಾಡಿಸಿದ ಮೆಷಿನ್‌ಗಳ ಬಗ್ಗೆ.

‘ಅದರ ವ್ಯಾಲ್ಯೂ ಎಷ್ಟು?’ ಇದು ನಮ್ಮ ಬಿಕಾಂ ಪ್ರಶ್ನೆ. ಡಿಪ್ರಿಸಿಯೇಷನ್ ಲೆಕ್ಕ ಹಾಕಿದ್ರೆ ಆಯಸ್ಸು ಮುಗಿದ ಮೆಷಿನ್‌ಗೆ ಉಳಿಯೋದು ಸ್ಕ್ರ್ಯಾಪ್ ವ್ಯಾಲ್ಯೂ ಮಾತ್ರ. ಆ ಲೆಕ್ಕ ಸರಿ. ಆದ್ರೆ ಆ ಲೆಡ್ಜರ್‌ನಲ್ಲಿ ಒಂದು ಕಾಲಂ ಕಮ್ಮಿ ಇದೆ. ಫೋನ್ ಬೂತ್ ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಒಂದೊಂದು ರೂಪಾಯಿ ಸೇರಿ ಎಷ್ಟೋ ಮನೆ ನಡೆದಿದೆ. ಮೊಬೈಲ್ ಬಂತು, ಆ ಆದಾಯ ನಿಂತಿತು. ಆಮೇಲೆ ಅವರೇನು ಮಾಡಿದ್ರು ಅಂತ ಕೇಳೋಕೆ ಆ ಡಬ್ಬಿಯೇ ದಾರಿ. ಡಬ್ಬಿ ಗುಜರಿಗೆ ಹೋದ್ರೆ ಕೇಳೋ ನೆಪವೂ ಹೋಯ್ತು.

5/5

ಹಾಗಾದ್ರೆ ಏನು ಮಾಡೋದು? ಕೊಂಡುಕೊಳ್ಳಿ ಅಂತ ನಾನು ಹೇಳಲ್ಲ. ನನ್ನ ಹತ್ರಾನೂ ದುಡ್ಡಿಲ್ಲ, ಮನೇಲಿ ಜಾಗಾನೂ ಇಲ್ಲ. ಕೈಯಲ್ಲಿ ಫೋನಿದೆಯಲ್ಲ, ಅದು ಸಾಕು.

ಎಲ್ಲಾದ್ರೂ ಇಂಥ ಮೆಷಿನ್ ಕಂಡ್ರೆ, ಇಟ್ಕೊಂಡಿರೋರನ್ನ ಕೇಳಿ, ಒಪ್ಪಿದ್ರೆ ಮಾತ್ರ ನಾಲ್ಕು ಫೋಟೋ ತೆಗೀರಿ. ಒಂದು, ಪೂರ್ತಿ ಮೆಷಿನ್. ಎರಡು, ಹೆಸರು ಅಥವಾ ನಂಬರ್ ಇರೋ ಪಟ್ಟಿ. ಇಲ್ಲದಿದ್ರೆ ಅದಿದ್ದ ಜಾಗದ ಮೊಳೆ ತೂತು. ಮೂರು, ಪಕ್ಕದಲ್ಲಿ ಸ್ಕೇಲ್ ಇಟ್ಟು ಕಾಸಿನ ಸೀಳು. ನಾಲ್ಕು, ದರ ಬರೆದಿರೋ ಜಾಗ. ಆಮೇಲೆ ಫೋನ್ ಜೇಬಿಗೆ ಹಾಕಿ, ಕೂತು ಕೇಳಿ: ಎಲ್ಲಿಂದ ತಂದ್ರಿ, ಯಾವ ಕಾಸು ಹಾಕ್ತಿದ್ರು, ದಿನಕ್ಕೆ ಎಷ್ಟು ಬೀಳ್ತಿತ್ತು, ಯಾವಾಗ ನಿಂತಿತು. ಅವರು ಹೇಳಿದ್ದನ್ನ ದಿನಾಂಕ ಹಾಕಿ ಬರೆದಿಡಿ. ನಿಮ್ಮ ಊಹೆ ಇದ್ರೆ ‘ಊಹೆ’ ಅಂತಲೇ ಬೇರೆ ಬರೀರಿ, ಎರಡನ್ನೂ ಕಲಸಬೇಡಿ.

ಮೂರು ಬೇಡಗಳು. ಉಜ್ಜಬೇಡಿ. ಒಳಗಿನ ಭಾಗ ಕೀಳಬೇಡಿ. ರೈಲ್ವೆ ಅಥವಾ ಟೆಲಿಫೋನ್ ಇಲಾಖೆಯ ಗುರುತಿರೋ ಸಾಮಾನನ್ನ ಕಾಗದಪತ್ರ ಇಲ್ಲದೆ ತಗೋಬೇಡಿ, ಅದು ಸರ್ಕಾರದ ಸ್ವತ್ತಾಗಿರಬಹುದು.

ಮನೇಲಿ ಅಜ್ಜ-ಅಜ್ಜಿ ಇದ್ರೆ ಅವರ ಟ್ರಂಕು, ಹಳೇ ಬಿಸ್ಕತ್ ಡಬ್ಬಿ ಒಂದ್ಸಲ ಕೇಳಿ ನೋಡಿ. ರಟ್ಟಿನ ತೂಕದ ಚೀಟಿ ಸಿಕ್ಕಿದ್ರೆ ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದದ ಕವರಲ್ಲಿಡಿ. ಎರಡೂ ಕಡೆ ಫೋಟೋ ತೆಗೀರಿ. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಆ ಭವಿಷ್ಯ ನಿಜ ಆಯ್ತಾ ಅಂತ ಅಜ್ಜೀನೇ ಕೇಳಿ, ಆ ಉತ್ತರಾನೂ ಬರೆದಿಡಿ.

ಕುದೂರು, ಸೋಲೂರು, ತಿಪ್ಪಸಂದ್ರ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಕಡೆಯವರು ಯಾರೇ ಇರಲಿ: ನಿಮ್ಮೂರಲ್ಲಿ ಕಾಯಿನ್ ಫೋನ್ ಯಾವ ಅಂಗಡಿ ಮುಂದೆ ಇತ್ತು? ಊರಿನ ಹೆಸರು, ಹೆಚ್ಚುಕಮ್ಮಿ ಯಾವ ವರ್ಷ, ಇಷ್ಟೇ ಕಾಮೆಂಟಲ್ಲಿ ಹಾಕಿ. ಯಾರ ಹೆಸರೂ, ನಂಬರೂ ಬೇಡ. ಪಟ್ಟಿ ನಾನು ಮಾಡ್ತೀನಿ.

#ಕುದೂರು #ಮಾಗಡಿ #ತೂಕದಮೆಷಿನ್ #ಒಂದ್ರೂಪಾಯಿಫೋನ್ #ಹಳೇಕಾಸು