ದಿವಾಳಿಯ ಲೆಕ್ಕದಲ್ಲಿ ನೊಂದವರ ಪಾಲು



ನಮ್ಮ ಸಂಡೂರು, ಕೂಡ್ಲಿಗಿ ಕಡೆ ಒಬ್ಬ ವ್ಯಾಪಾರಿ ದಿವಾಳಿ ಎದ್ದ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಂಧ್ರದ ಗಡಿಯವರು ‘ಐ.ಪಿ. ಇಟ್ಟ’ ಎನ್ನುತ್ತಾರೆ. ಅಂಗಡಿಗೆ ಬೀಗ ಬೀಳುತ್ತದೆ, ಮನೆಮಂದಿ ರಾತ್ರೋರಾತ್ರಿ ಊರು ಬಿಡುತ್ತಾರೆ, ಚೀಟಿ ಕಟ್ಟಿದ ಹೆಂಗಸರು ಮುಚ್ಚಿದ ಬಾಗಿಲ ಮುಂದೆ ಬಾಯಿ ಬಡಿದುಕೊಳ್ಳುತ್ತಾರೆ. ಆದರೆ ಇನ್ನೊಂದು ಬಗೆಯ ದಿವಾಳಿಯೂ ಇದೆ. ಅದರಲ್ಲಿ ಅಂಗಡಿ ಮುಚ್ಚುವುದಿಲ್ಲ, ಅಂಗಡಿಯ ಮೇಲಿರುವ ಮೊಕದ್ದಮೆಗಳಷ್ಟೇ ಮುಚ್ಚುತ್ತವೆ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರವರಿ 18ರಂದು ಡೆಲವೇರ್ ರಾಜ್ಯದ ನ್ಯಾಯಾಲಯದಲ್ಲಿ ಕೇಳಿಕೊಂಡದ್ದು ಇಂಥ ದಿವಾಳಿಯನ್ನು.

ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯಗಳ ಬಗ್ಗೆ ಬರೆಯುವ ಪತ್ರಿಕೆಗೆ ಅಮೆರಿಕದ ಗಂಡುಹುಡುಗರ ಕಥೆ ಏಕೆ ಎಂದು ನೀವು ಕೇಳಬಹುದು. ಹಾಸ್ಟೆಲಿಗೆ, ಶಿಬಿರಕ್ಕೆ ಮಕ್ಕಳನ್ನು ಕಳಿಸುವ ತಾಯಂದಿರು ನಾವು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಅಲ್ಲಿ ಸಂಸ್ಥೆಯ ಮರ್ಯಾದೆಯ ಹೆಸರಿನಲ್ಲಿ ನಡೆದದ್ದು ಇಲ್ಲಿ ಮನೆತನದ ಮರ್ಯಾದೆಯ ಹೆಸರಿನಲ್ಲಿ ದಿನವೂ ನಡೆಯುತ್ತಿದೆ. ಕೊನೆಗೆ ಎರಡೂ ಕಡೆ ರಾಜಿಪತ್ರ ಎಂಬ ಒಂದು ಕಾಗದ ಬರುತ್ತದೆ. ಆ ಕಾಗದವನ್ನು ಓದುವುದು ಹೇಗೆ ಎಂಬುದೇ ಈ ಬಾರಿಯ ಮಾತು.

1910ರಲ್ಲಿ ಹುಟ್ಟಿದ ಆ ಸಂಸ್ಥೆ ಹುಡುಗರಿಗೆ ಶಿಸ್ತು, ಸೇವೆ, ಸತ್ಯವಂತಿಕೆ ಕಲಿಸುವುದಾಗಿ ಹೇಳಿಕೊಂಡಿತು. ಮಕ್ಕಳ ಮೈಮೇಲೆ ಕೈಹಾಕಿದ ಸ್ವಯಂಸೇವಕರ ಬಗ್ಗೆ ಅದೇ ಸಂಸ್ಥೆ ಹಲವು ದಶಕಗಳ ಕಾಲ ಗುಟ್ಟಾಗಿ ಕಡತಗಳನ್ನು ಇಟ್ಟುಕೊಂಡು ಬಂದಿತ್ತು. ಕಡತ ಇಟ್ಟರು, ತಂದೆತಾಯಿಗಳಿಗೆ ಹೇಳಲಿಲ್ಲ. ಎಷ್ಟೋ ಸಲ ಪೊಲೀಸರಿಗೂ ಹೇಳಲಿಲ್ಲ. 2010ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಬಾಲ್ಯದಲ್ಲಿ ನೊಂದಿದ್ದ ಒಬ್ಬನ ಮೊಕದ್ದಮೆಯಲ್ಲಿ ಆ ಕಡತಗಳು ನ್ಯಾಯಪೀಠದ ಮುಂದೆ ಬಂದವು. ಜ್ಯೂರಿಯವರು ಸಂಸ್ಥೆಗೆ 1.85 ಕೋಟಿ ಡಾಲರ್ ದಂಡ ಹಾಕಿದರು. 2012ರ ಅಕ್ಟೋಬರಿನಲ್ಲಿ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ, 1965ರಿಂದ 1985ರವರೆಗಿನ ಕಡತಗಳು ಸಾರ್ವಜನಿಕರ ಕೈಗೆ ಬಂದವು. ಸಂಸ್ಥೆಯೇ ನೇಮಿಸಿದ್ದ ತಜ್ಞೆಯೊಬ್ಬರು 1944ರಿಂದ 2016ರವರೆಗಿನ ಕಡತಗಳನ್ನು ಪರಿಶೀಲಿಸಿ ಕೊಟ್ಟ ಸಾಕ್ಷ್ಯ 2019ರಲ್ಲಿ ಹೊರಬಿತ್ತು: 7,819 ಆರೋಪಿಗಳು, 12,254 ಮಕ್ಕಳು.

ಆ ಸಂಖ್ಯೆಯನ್ನು ಸ್ವಲ್ಪ ನೆನಪಿಡಿ.

ಅದೇ ಹೊತ್ತಿಗೆ ನ್ಯೂಯಾರ್ಕ್ ಮೊದಲಾದ ರಾಜ್ಯಗಳು ಕಾನೂನು ಬದಲಾಯಿಸಿ, ಅವಧಿ ಮೀರಿತೆಂದು ಬಾಗಿಲು ಮುಚ್ಚಿಸಿಕೊಂಡಿದ್ದವರಿಗೆ ಮತ್ತೆ ಮೊಕದ್ದಮೆ ಹೂಡಲು ಅವಕಾಶ ಕೊಟ್ಟವು. ಐವತ್ತು, ಅರವತ್ತು ವರ್ಷದ ಗಂಡಸರು ತಮ್ಮ ಹತ್ತನೇ ವಯಸ್ಸಿನ ನೋವನ್ನು ಹೊತ್ತು ನ್ಯಾಯಾಲಯಕ್ಕೆ ಬಂದರು. ಆಗ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅರ್ಜಿ ಬಿದ್ದ ಕ್ಷಣದಿಂದ ಅದರ ಮೇಲಿನ ಮೊಕದ್ದಮೆಗಳೆಲ್ಲ ನಿಂತುಬಿಡುತ್ತವೆ. ಸಾಕ್ಷಿ ಕಟಕಟೆ ಇಲ್ಲ, ಜ್ಯೂರಿ ಇಲ್ಲ, ಪಾಟೀಸವಾಲು ಇಲ್ಲ. ನಿನ್ನೆಯವರೆಗೆ ನ್ಯಾಯ ಕೇಳುತ್ತಿದ್ದವನು ಇಂದಿನಿಂದ ಸಾಲಗಾರನ ಬಾಗಿಲಲ್ಲಿ ನಿಂತ ಬಾಕಿದಾರ. ಬ್ಯಾಂಕು ಸಾಲ ಕೇಳಲು ನಿಂತ ಸಾಲಿನಲ್ಲಿಯೇ ಅವನೂ ತನ್ನ ಬಾಲ್ಯದ ಬಾಕಿ ಕೇಳಲು ನಿಲ್ಲಬೇಕು!

ನ್ಯಾಯಾಲಯ 2020ರ ನವೆಂಬರ್ 16ನ್ನು ಕೊನೆಯ ದಿನವೆಂದು ಗೊತ್ತುಮಾಡಿತು. ಅಷ್ಟರೊಳಗೆ 82,000ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಕಡತದಲ್ಲಿ ಇದ್ದದ್ದು 12,254. ಪ್ರತಿ ಅರ್ಜಿಯೂ ಸಾಬೀತಾದದ್ದಲ್ಲ, ನಿಜ. ಆದರೂ ಬರೆದಿಟ್ಟದ್ದಕ್ಕೂ ನಡೆದದ್ದಕ್ಕೂ ನಡುವೆ ಎಷ್ಟು ಅಂತರವಿರುತ್ತದೆ ಎಂಬುದು ಠಾಣೆಯ ಮೆಟ್ಟಿಲು ಹತ್ತದೆ ವಾಪಸಾದ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರುವ ಸಂಗತಿಯೇ.

ಈಗ ಹಣದ ವಿಚಾರ. ಸಂಘದ ಪುಸ್ತಕ ಬರೆಯುವವರು ನೀವು, ನನಗಿಂತ ಚೆನ್ನಾಗಿ ಲೆಕ್ಕ ಹಾಕಬಲ್ಲಿರಿ. ಒಪ್ಪಂದದ ಮೊತ್ತ 246 ಕೋಟಿ ಡಾಲರ್, ಜಾರಿಗೆ ಬಂದಾಗಿನ ದರದಲ್ಲಿ ಸುಮಾರು 20,000 ಕೋಟಿ ರೂಪಾಯಿ. ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳಲ್ಲಿ ಅಷ್ಟು ದೊಡ್ಡ ಮೊತ್ತ ಅಪರೂಪ ಎಂದು ಪತ್ರಿಕೆಗಳು ಬರೆದವು. 82,000 ಜನಕ್ಕೆ ಭಾಗಿಸಿದರೆ ತಲೆಗೆ 30,000 ಡಾಲರ್. ಆದರೆ ಎಲ್ಲರಿಗೂ ಸಮವಲ್ಲ. ಹೆಚ್ಚು ಪ್ರಶ್ನೆ ಬೇಡ, ಬೇಗ ಮುಗಿಸಿ ಎನ್ನುವವರಿಗೆ 3,500 ಡಾಲರ್, ಅಂದರೆ ಮೂರು ಲಕ್ಷ ರೂಪಾಯಿಗೂ ಕಡಿಮೆ. ಉಳಿದವರಿಗೆ ದೌರ್ಜನ್ಯದ ಬಗೆಯನ್ನು ನೋಡಿ ಒಂದು ಪಟ್ಟಿ. ಅತ್ಯಂತ ಘೋರವಾದದ್ದಕ್ಕೆ ಮೂಲ ದರ 6 ಲಕ್ಷ ಡಾಲರ್. ಕೇಳಲು ದೊಡ್ಡದು. ಆದರೆ ಟ್ರಸ್ಟಿನ ಪೆಟ್ಟಿಗೆಯಲ್ಲಿ ಅಷ್ಟು ಹಣ ಇರಲಿಲ್ಲವಾದ್ದರಿಂದ ಮೊದಲ ಕಂತಿನಲ್ಲಿ ಕೊಟ್ಟದ್ದು ಗೊತ್ತುಮಾಡಿದ ಮೊತ್ತದ ನೂರಕ್ಕೆ ಒಂದೂವರೆ ಪಾಲು. 6 ಲಕ್ಷಕ್ಕೆ 9,000 ಡಾಲರ್! ಅದರಲ್ಲಿ ವಕೀಲರ ಪಾಲು ಬೇರೆ. ಮೊಕದ್ದಮೆಯ ಅವಧಿ ಮೀರಿದ ರಾಜ್ಯದಲ್ಲಿ ದೌರ್ಜನ್ಯ ನಡೆದಿದ್ದರೆ ಗೊತ್ತುಮಾಡುವ ಮೊತ್ತವೇ ಇನ್ನೂ ಕೆಳಗೆ. ಒಂದೇ ಬಗೆಯ ಗಾಯ, ಗಡಿ ದಾಟಿದರೆ ಬೇರೆ ಬೆಲೆ.

ಘೋಷಣೆಯಾದ ಹಣಕ್ಕೂ ಕೈಗೆ ಬಂದ ಹಣಕ್ಕೂ ಇರುವ ದೂರವನ್ನು ನಮ್ಮ ಸಂಡೂರಿನವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ, ಗಣಿಗಾರಿಕೆಯಿಂದ ಹಾಳಾದ ಊರುಗಳಿಗೆಂದು ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಎಷ್ಟು ವರ್ಷ ಬ್ಯಾಂಕಿನಲ್ಲೇ ಕೂತಿತ್ತು!

ಇನ್ನು, ಆ 246 ಕೋಟಿಯನ್ನು ಕೊಟ್ಟವರು ಯಾರು? ಎರಡು ವಿಮಾ ಕಂಪನಿಗಳೇ ಸುಮಾರು ಮೂರರಲ್ಲಿ ಎರಡು ಪಾಲು ತುಂಬಿದವು, ಒಂದು 78.7 ಕೋಟಿ, ಇನ್ನೊಂದು 80 ಕೋಟಿ ಡಾಲರ್. ದೇಶದ ಉದ್ದಗಲಕ್ಕೆ ಹರಡಿದ ಸುಮಾರು 250 ಸ್ಥಳೀಯ ಮಂಡಳಿಗಳು, ಹಲವು ಕಡೆ ಶಿಬಿರದ ಜಾಗ ಮಾರಿ, ಒಂದು ಪಾಲು ಹಾಕಿದವು. ಕೇಂದ್ರ ಸಂಸ್ಥೆ ತನ್ನ ಬಳಿ ಇದ್ದ ಚಿತ್ರಗಳನ್ನೂ ಒಪ್ಪಿಸಿತು. ನಾರ್ಮನ್ ರಾಕ್‌ವೆಲ್ ಎಂಬ ಹೆಸರಾಂತ ಕಲಾವಿದ ಬರೆದ, ಸಮವಸ್ತ್ರ ತೊಟ್ಟು ನಗುವ ಹುಡುಗರ ಚಿತ್ರಗಳು ಅವುಗಳಲ್ಲಿದ್ದವು. 2024ರ ನವೆಂಬರಿನಲ್ಲಿ ಅವು ಹರಾಜಿಗೆ ಬಂದವು. ನಗುವ ಹುಡುಗರ ಚಿತ್ರ ಮಾರಿ ಅತ್ತ ಹುಡುಗರಿಗೆ ಪರಿಹಾರ!

ಇಷ್ಟು ಕೊಟ್ಟವರು ಬದಲಿಗೆ ಪಡೆದದ್ದೇನು? ಖುಲಾಸೆ. ದಿವಾಳಿ ಅರ್ಜಿ ಹಾಕಿದ್ದು ಕೇಂದ್ರ ಸಂಸ್ಥೆ ಮಾತ್ರ. ಮಂಡಳಿಗಳು ದಿವಾಳಿಯಾಗಿರಲಿಲ್ಲ, ವಿಮಾ ಕಂಪನಿಗಳಂತೂ ಖಂಡಿತ ಆಗಿರಲಿಲ್ಲ. ಆದರೂ ಒಪ್ಪಂದದ ಪ್ರಕಾರ ಇನ್ನು ಮುಂದೆ ಯಾರೂ ಅವರ ಮೇಲೆ ಸ್ಕೌಟಿಂಗ್ ದೌರ್ಜನ್ಯದ ಮೊಕದ್ದಮೆ ಹೂಡುವಂತಿಲ್ಲ, ಒಪ್ಪಂದಕ್ಕೆ ‘ಬೇಡ’ ಎಂದು ಮತ ಹಾಕಿದವರೂ ಹೂಡುವಂತಿಲ್ಲ. ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 85 ಜನ ‘ಆಗಲಿ’ ಎಂದರು. ಅವರನ್ನು ನಾನು ದೂರಲಾರೆ. ಎಷ್ಟೋ ಜನ ವಯಸ್ಸಾದವರು, ಕಾಯಿಲೆಯವರು, ಇನ್ನೂ ಹತ್ತು ವರ್ಷ ಅಲೆಯುವ ತ್ರಾಣ ಇಲ್ಲದವರು. ನ್ಯಾಯಾಧೀಶೆ 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟರು, 2023ರ ಏಪ್ರಿಲ್ 19ರಂದು ಒಪ್ಪಂದ ಜಾರಿಗೆ ಬಂತು.

ಬೇಸಿಗೆಯಲ್ಲಿ ಬಂಡ್ರಿಯ ಸಂಘಗಳ ಸಭೆಯೊಂದರಲ್ಲಿ ಈ ಕಥೆಯನ್ನು ಹೇಳಿದೆ. ಒಬ್ಬ ಹುಡುಗಿ ಕೇಳಿದಳು: “ಮೇಡಂ, ರೊಕ್ಕ ಕೊಟ್ಟಾರಲ್ರೀ, ಮತ್ತೇನು ಬೇಕಿತ್ತು ಅವರಿಗೆ?” ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹಿರಿಯಳೊಬ್ಬಳು ಹೇಳಿದಳು: “ನಮ್ಮ ಸಂಘದಾಗ ಒಬ್ಬಾಕಿ ಕಂತು ತಪ್ಪಿಸಿದ್ರ ಉಳಿದೋರು ಕೂಡಿ ಕಟ್ಟತೀವಿ. ಹಂಗಂತ ಆಕಿ ಹೆಸರು ಪುಸ್ತಕದಾಗಿಂದ ಹೊಡದು ಹಾಕತೀವೇನವ್ವಾ?” ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಇಷ್ಟು ಚಿಕ್ಕದಾಗಿ ಹೇಳಲು ಬರುತ್ತಿರಲಿಲ್ಲ. ಹಣ ಕಟ್ಟುವುದು ಬೇರೆ, ಹೆಸರು ಅಳಿಸುವುದು ಬೇರೆ.

ನಮ್ಮ ರಾಜಿ ಪಂಚಾಯ್ತಿಗಳನ್ನು ಈ ಕಣ್ಣಿನಿಂದ ನೋಡಿ. ಹುಡುಗಿ ಏಟು ತಿಂದು ತವರಿಗೆ ಬಂದಿರುತ್ತಾಳೆ. ಹಿರಿಯರು ಕೂಡುತ್ತಾರೆ. ‘ಹುಡುಗ ಸಾಲದಲ್ಲಿ ಮುಳುಗಿದಾನೆ, ಅವನ ಹತ್ರ ಏನೈತಿ?’ ಎನ್ನುತ್ತಾರೆ. ಹೊಲ ಮಾವನ ಹೆಸರಿನಲ್ಲಿ, ಟ್ರ್ಯಾಕ್ಟರು ಮೈದುನನ ಹೆಸರಿನಲ್ಲಿ, ಅಂಗಡಿ ಅತ್ತೆಯ ಹೆಸರಿನಲ್ಲಿ. ಹೊಡೆದವನು ಮಾತ್ರ ಬರಿಗೈ! ಕೊಟ್ಟ ವರದಕ್ಷಿಣೆಯ ಅರ್ಧ, ಬಂಗಾರದಲ್ಲಿ ಒಂದಿಷ್ಟು ವಾಪಸು ಎಂದು ಮಾತಾಗುತ್ತದೆ. ಕಾಗದದ ಕೊನೆಯಲ್ಲಿ ಒಂದು ಸಾಲು: ‘ಗಂಡ, ಅತ್ತೆ, ಮಾವ, ಮೈದುನ, ನಾದಿನಿ ಇವರಾರ ಮೇಲೂ ಇನ್ನು ಯಾವ ತಕರಾರೂ ಇಲ್ಲ.’ 498ಎ ಕಲಮಿನ ಮೊಕದ್ದಮೆ (2024ರ ಜುಲೈ 1ರ ನಂತರ ನಡೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು) ಪಂಚಾಯ್ತಿಯಲ್ಲಿ ರಾಜಿಯಾಗುವಂಥದ್ದಲ್ಲ. ಆದರೆ ಗಂಡ ಹೆಂಡತಿ ರಾಜಿಯಾದರೆ ಹೈಕೋರ್ಟು ಅದನ್ನು ರದ್ದು ಮಾಡಬಹುದೆಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಈ ದಾರಿ ಸಲೀಸಾಗಿದೆ. ಮೊದಲ ಕಂತು ಕೈಗೆ ಬರುವ ಮುಂಚೆಯೇ ಹುಡುಗಿ ಎಲ್ಲರ ಖುಲಾಸೆಗೆ ರುಜು ಹಾಕಿರುತ್ತಾಳೆ. ಉಳಿದ ಕಂತು ಬಾರದಿದ್ದರೆ ಕೇಳಲು ಯಾವ ಕಟಕಟೆ ಉಳಿದಿದೆ?

ರಾಜಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಹಸಿದ ಮಗುವಿದ್ದವಳಿಗೆ ಹಾಗೆ ಹೇಳುವ ಹಕ್ಕು ಪಿಂಚಣಿ ತೆಗೆದುಕೊಳ್ಳುವ ನನಗಿಲ್ಲ. ಆದರೆ ಪ್ರತಿ ಹೆಸರಿನ ಎದುರಿಗೆ ಅವರು ಎಷ್ಟು ಕೊಟ್ಟರು ಎಂದು ಬರೆಯಿರಿ. ಏನೂ ಕೊಡದವರ ಹೆಸರು ಖುಲಾಸೆಯಲ್ಲಿ ಏಕಿರಬೇಕು? ಪೂರ್ತಿ ಹಣ ಬ್ಯಾಂಕಿಗೆ ಬಿದ್ದ ಮೇಲೆ ರುಜು ಹಾಕಿದರಾಗದೇ? ಬರೆದ ಕಾಗದವನ್ನು ಪಂಚಾಯ್ತಿಯವರಲ್ಲದ, ಅಕ್ಷರ ಬಲ್ಲ ಇನ್ನೊಬ್ಬಳಿಂದ ಓದಿಸಿ.

ಅಮೆರಿಕದಲ್ಲಿಯೂ ಈ ಪ್ರಶ್ನೆ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಚಟ ಹತ್ತಿಸುವ ನೋವಿನ ಮಾತ್ರೆ ಮಾರಿದ ಪರ್ಡ್ಯೂ ಕಂಪನಿಯ ಪ್ರಕರಣದಲ್ಲಿ 2024ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟು, ತಾವೇ ದಿವಾಳಿಯಾಗದವರಿಗೆ ನೊಂದವರ ಒಪ್ಪಿಗೆ ಇಲ್ಲದೆ ಖುಲಾಸೆ ಕೊಡುವಂತಿಲ್ಲ ಎಂದು, ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪು ಕೊಟ್ಟಿತು. ಸ್ಕೌಟ್ಸ್ ಒಪ್ಪಂದವನ್ನು ಒಪ್ಪದೆ ಮೇಲ್ಮನವಿ ಹೋಗಿದ್ದ ನೂರಕ್ಕೂ ಹೆಚ್ಚು ಜನರಿಗೆ ಆಸೆ ಚಿಗುರಿತು. ಆದರೆ ಒಪ್ಪಂದ ಆಗಲೇ ಜಾರಿಯಾಗಿದೆ, ಹಿಂದಕ್ಕೆ ತಿರುಗಿಸಲಾಗದು ಎಂದು 2025ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕೋರಿಕೆಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಸಂಸ್ಥೆ ಹೆಸರನ್ನೂ ಬದಲಾಯಿಸಿಕೊಂಡಿತ್ತು. 2025ರ ಫೆಬ್ರವರಿಯಿಂದ ಅದು ‘ಸ್ಕೌಟಿಂಗ್ ಅಮೆರಿಕ’.

ಹೆಣ್ಣುಮಕ್ಕಳ ಒಂದು ಪ್ರಕರಣವೂ ಇದೆ. ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಯ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ನೂರಾರು ಬಾಲಕಿಯರ ಮೇಲೆ ದೌರ್ಜನ್ಯ ಎಸಗಿದ. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳನ್ನು ಮಿಷಿಗನ್ನಿನ ನ್ಯಾಯಾಲಯ ಅವನ ಎದುರಿನಲ್ಲೇ ದಿನಗಟ್ಟಲೆ ಕೇಳಿತು. ಆ ಸಂಸ್ಥೆಯೂ ಅದೇ ವರ್ಷ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. 2021ರ ಡಿಸೆಂಬರಿನಲ್ಲಿ 38 ಕೋಟಿ ಡಾಲರಿಗೆ ಒಪ್ಪಂದವಾಯಿತು. ಅವರು ಹಣದ ಜೊತೆಗೆ ಇನ್ನೊಂದನ್ನು ಪಡೆದರು: ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನೊಂದವರಿಗೆ ಒಂದು ಸ್ಥಾನ. ನನ್ನ ಅಭಿಪ್ರಾಯದಲ್ಲಿ ಆ ಒಂದು ಕುರ್ಚಿ ಕೆಲವು ಕೋಟಿ ಡಾಲರಿಗೆ ಸಮ.

ನಮ್ಮಲ್ಲಿ ಹಾಸ್ಟೆಲು, ಆಶ್ರಮ, ಶಿಬಿರಗಳು ಬಹುಪಾಲು ಟ್ರಸ್ಟು, ಸೊಸೈಟಿಗಳ ಕೈಯಲ್ಲಿವೆ. ದೌರ್ಜನ್ಯ ನಡೆದಾಗ ಪರಿಹಾರದ ಭಾರ ಸಂಸ್ಥೆಗಿಂತ ಸರ್ಕಾರದ ಬೊಕ್ಕಸದ ಮೇಲೆ ಬೀಳುವುದೇ ಹೆಚ್ಚು. ಇದರಲ್ಲಿ ಒಂದು ಒಳ್ಳೆಯದೂ ಇದೆ. ಸಂಸ್ಥೆಯ ಪೆಟ್ಟಿಗೆ ಖಾಲಿ ಎಂಬ ಮಾತು ಮಗುವಿಗೆ ಅಡ್ಡಬರುವುದಿಲ್ಲ. 2020ರ ಪೋಕ್ಸೊ ನಿಯಮಗಳ 9ನೇ ನಿಯಮದ ಪ್ರಕಾರ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಿಸಬಹುದು. ಮಗುವಿಗೆ ಹಾನಿಯಾಗಿದೆ ಎಂದು ನ್ಯಾಯಾಲಯಕ್ಕೆ ಕಂಡರೆ, ಆರೋಪಿ ಬಿಡುಗಡೆಯಾದರೂ, ಸಿಗದೇ ಹೋದರೂ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಆದೇಶವಾದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು. ವಯಸ್ಕ ಮಹಿಳೆಯರಿಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಿದೆ. ಅತ್ಯಾಚಾರಕ್ಕೆ ಅದರಲ್ಲಿ 4ರಿಂದ 7 ಲಕ್ಷ ರೂಪಾಯಿ. ಆದರೆ ಕಣ್ಣು ಮುಚ್ಚಿಕೊಂಡಿದ್ದ ಆಡಳಿತ ಮಂಡಳಿಯ ಜೇಬಿನಿಂದ ಏನು ಹೋಯಿತು? ಅಲ್ಲಿ ಸಂಸ್ಥೆ ಕೊಟ್ಟು ಬಿಡುಗಡೆ ಪಡೆಯಿತು, ಇಲ್ಲಿ ಕೊಡದೆಯೇ ಬಿಡುಗಡೆ.

ಸಾಲದ ನೆಪ ಹೇಳುವ ಗಂಡಂದಿರಿಗೆ ಮಾತ್ರ ನಮ್ಮ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಗಟ್ಟಿಯಾದ ಉತ್ತರ ಕೊಟ್ಟಿದೆ. ಹೆಂಡತಿ ಮಕ್ಕಳ ಜೀವನಾಂಶದ ಬಾಕಿ ಮೂಲಭೂತ ಹಕ್ಕಿಗೆ ಸಮ. ಗಂಡನ ಆಸ್ತಿಯ ಮೇಲೆ ಬ್ಯಾಂಕಿನವರಿಗಿಂತ, ದಿವಾಳಿ ಕಾನೂನಿನ ಕೆಳಗೆ ಬಾಕಿ ಕೇಳುವವರಿಗಿಂತ ಮೊದಲು ಅದು ಸಲ್ಲಬೇಕು ಎಂದಿದೆ. ಜೀವನಾಂಶದ ಆದೇಶ ಕೈಯಲ್ಲಿದ್ದೂ ಹಣ ಬಾರದ ಗೆಳತಿಯರು ನಿಮ್ಮ ಸಂಘದಲ್ಲಿದ್ದರೆ ಆದೇಶದ ಪ್ರತಿಯೊಂದಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ, ಈ ತೀರ್ಪಿನ ಮಾತೆತ್ತಿ. ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ. ದೂರವಾಣಿ 15100.