ಅನುಭಾವ ಮಾತಿಗೆ ಮೀರಿದ್ದೇ?

ಪರ

ಬ್ರಹ್ಮವೆಂದರೇನು ಎಂದು ಬಾಷ್ಕಲಿ ಕೇಳಿದ. ಗುರು ಬಾಧ್ವ ಸುಮ್ಮನಿದ್ದ. ಕೇಳಿ ಕೇಳಿ ಕಾಡಿದ ಮೇಲೆ, ಆಗಿನಿಂದ ಹೇಳುತ್ತಲೇ ಇದ್ದೇನಲ್ಲ, ತಿಳಿಯದಿರುವುದು ನಿನಗೆ ಎಂದ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಎತ್ತಿಕೊಳ್ಳುವ ಈ ಪ್ರಸಂಗದ ಬೆನ್ನಿಗೆ ಗಟ್ಟಿ ತರ್ಕವಿದೆ. ಗೀತಾಭಾಷ್ಯದ 13ನೇ ಅಧ್ಯಾಯದಲ್ಲಿ ಮಾತು ಕೆಲಸ ಮಾಡುವ ಬಗೆಯನ್ನೇ ಅವರು ಬಿಡಿಸಿಡುತ್ತಾರೆ. ಹಸು ಎಂದರೆ ಜಾತಿ, ಬಿಳಿ ಎಂದರೆ ಗುಣ, ಅಡುತ್ತಾನೆ ಎಂದರೆ ಕ್ರಿಯೆ, ಹಣವಂತ ಎಂದರೆ ಸಂಬಂಧ. ಈ ನಾಲ್ಕರಲ್ಲಿ ಒಂದನ್ನು ಹಿಡಿದೇ ಶಬ್ದ ವಸ್ತುವನ್ನು ಮುಟ್ಟಬೇಕು. ನಾಲ್ಕೂ ಇಲ್ಲದ್ದನ್ನು ಯಾವ ಶಬ್ದ ತಾನೇ ಹೇಳೀತು?

ಎಲ್ಲಿಯದೋ ಆಸ್ಟ್ರಿಯಾದ ವಿಟ್‌ಗೆನ್‌ಸ್ಟೈನ್ ಬೇರೆಯದೇ ದಾರಿಯಲ್ಲಿ ಬಂದು ಇಂಥದೇ ಗಡಿಯಲ್ಲಿ ನಿಂತರು. 1921ರಲ್ಲಿ ಅಚ್ಚಾದ ‘ಟ್ರ್ಯಾಕ್ಟೇಟಸ್’ ಪ್ರಕಾರ ವಾಕ್ಯವೆಂಬುದು ಸಂಗತಿಯ ಚಿತ್ರ. ಜಗತ್ತಿನೊಳಗಿನ ಸಂಗತಿಗಳನ್ನು ಹೇಳಬಹುದು. ಜಗತ್ತೆಂಬುದೊಂದು ಇದೆಯಲ್ಲ ಎಂಬ ಬೆರಗು ಮಾತ್ರ ಅವುಗಳ ಸಾಲಿಗೆ ಸೇರಿದ್ದಲ್ಲ. ಪುಸ್ತಕ ಮುಗಿಸಿದ ಅವರು ತತ್ತ್ವಶಾಸ್ತ್ರವನ್ನು ಬಿಟ್ಟು ಹಳ್ಳಿ ಶಾಲೆಯ ಮೇಷ್ಟ್ರಾದರು. ತಾವು ಬರೆದುದನ್ನು ಇಷ್ಟು ನಂಬಿದವರು ವಿರಳ.

ವಿರೋಧ

ಆದರೆ ಬಾಧ್ವ ಕೊನೆಗೂ ಬಾಯಿ ಬಿಟ್ಟನಲ್ಲ! ಆ ಒಂದು ಮಾತು ಬರದಿದ್ದರೆ ಅವನ ಮೌನಕ್ಕೂ ಉತ್ತರ ಗೊತ್ತಿಲ್ಲದವನ ಮೌನಕ್ಕೂ ಏನು ವ್ಯತ್ಯಾಸವಿತ್ತು? ಬ್ರಹ್ಮವನ್ನು ಅರಿಯಲು ಉಪನಿಷತ್ತಿನ ವಾಕ್ಯವೇ ಪ್ರಮಾಣ ಎಂದು ಹಟ ಹಿಡಿದವರೂ ಅದೇ ಶಂಕರರು. ಶಬ್ದ ನೇರವಾಗಿ ಹೇಳದಿದ್ದರೂ ಲಕ್ಷಣೆಯಿಂದ ಸೂಚಿಸಬಲ್ಲದು ಎಂದು ತೈತ್ತಿರೀಯ ಭಾಷ್ಯದಲ್ಲಿ ಒಪ್ಪುತ್ತಾರೆ. ಸೂಚಿಸುವುದೂ ಮಾತಿನ ಕೆಲಸವೇ. ‘ಟ್ರ್ಯಾಕ್ಟೇಟಸ್’ಗೆ 1922ರಲ್ಲಿ ಮುನ್ನುಡಿ ಬರೆದ ಬರ್ಟ್ರಂಡ್ ರಸೆಲ್ ಅವರಿಗೂ ಇದೇ ಅನುಮಾನ: ಹೇಳಲಾಗದ್ದರ ಬಗ್ಗೆ ಈ ಮನುಷ್ಯ ಇಷ್ಟೆಲ್ಲ ಹೇಳಿಬಿಟ್ಟರಲ್ಲ ಎಂದು. ಮುಂದೆ ವಿಟ್‌ಗೆನ್‌ಸ್ಟೈನರೇ ಕಾಫಿಯ ಘಮವನ್ನು ಬಣ್ಣಿಸಿ ನೋಡೋಣ ಎಂದು ಕೇಳಿದರು. ಮಾತು ಸಾಲದೆಂಬ ಕಷ್ಟ ಬೆಳಗಿನ ಲೋಟದಲ್ಲೇ ಇರುವಾಗ ಅದು ಅನುಭಾವಿಯೊಬ್ಬನ ಹೆಗ್ಗಳಿಕೆ ಹೇಗಾದೀತು?

ನನ್ನನ್ನು ನಿಜವಾಗಿ ಕಾಡುವ ವಿಷಯ ಬೇರೆ. ‘ಮಾತಿಗೆ ಮೀರಿದ್ದು’ ಎಂದ ಕೂಡಲೇ ಪ್ರಶ್ನೆಗೆ ಬಾಗಿಲು ಮುಚ್ಚುತ್ತದೆ. ಆಮೇಲೆ ಗುರು ಕಂಡದ್ದೇ ಸತ್ಯ, ಕೇಳಿದವನೇ ಮೂಢ. ನಮ್ಮ ‘ಶೂನ್ಯಸಂಪಾದನೆ’ ಅಲ್ಲಮನಿಗೂ ಈ ರಿಯಾಯಿತಿ ಕೊಡುವುದಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಶೋಕದಲ್ಲಿದ್ದಾಳೆ. ಸಂತೈಸಲು ಬಂದ ಅಲ್ಲಮನನ್ನೇ ಅವಳು ತರುಬಿ ನಿಲ್ಲಿಸುತ್ತಾಳೆ: ಅರಿತವನು ನೀನಾದರೆ ಈ ಮಾತೇಕೆ ಇನ್ನೂ ಉಳಿದಿದೆ? ತನ್ನ ಭಕ್ತಿಯನ್ನು ಯಾರಿಗೂ ತೋರದೆ ಬಾಳಿದ ಅಣ್ಣನ ತಂಗಿ ಅವಳು. ಕೇಳುವ ಹಕ್ಕು ಅವಳಿಗಿತ್ತು. ಅಲ್ಲಮ ಮೌನದ ಮರೆಗೆ ಸರಿಯುವುದಿಲ್ಲ. ನಿಂತು ವಾದಿಸುತ್ತಾನೆ, ಅವಳು ಮತ್ತೆ ಕೆಣಕುತ್ತಾಳೆ. ಕನ್ನಡದಲ್ಲಿ ಅನುಭಾವ ಬೆಳೆದದ್ದು ಇಂಥ ಜಗ್ಗಾಟದಲ್ಲಿ. ಒಗಟಿನಂತಿರುವ ಬೆಡಗಿನ ವಚನಗಳಿಗೂ ನಮ್ಮವರು ಟೀಕೆ ಬರೆದರು, ಪದ ಪದ ಬಿಡಿಸಿ ಅರ್ಥ ಹೇಳಿದರು. ಅವರ ಅರ್ಥ ತಪ್ಪಿರಬಹುದು. ತಪ್ಪೆಂದು ತೋರಿಸುವುದಕ್ಕೂ ಇನ್ನೊಂದು ಟೀಕೆಯನ್ನೇ ಬರೆಯಬೇಕು.