ಬಾರಕೂರಿನ ಕೋಟೆಯೂ ನಮ್ಮ ಹೆಣ್ಣುಮಕ್ಕಳ ಕರ್ತವ್ಯವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಕ್ಕಳ ತಂದೆತಾಯಂದಿರಲ್ಲಿಯೂ ಒಂದು ವಿಷಯವನ್ನು ನಿವೇದಿಸಿಕೊಳ್ಳಲು ಈ ಸ್ಮರಣ ಸಂಚಿಕೆಯ ಪುಟಗಳನ್ನು ಉಪಯೋಗಿಸುತ್ತೇವೆ. ದಿಲ್ಲಿಯ ಕೆಂಪುಕೋಟೆಯ ವಿಷಯವನ್ನೂ ಹಂಪೆಯ ಮಹಾದ್ವಾರಗಳ ವಿಷಯವನ್ನೂ ತಡೆಯಿಲ್ಲದೆ ಹೇಳಬಲ್ಲ ಬಾಲಿಕೆಯರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಉಡುಪಿಯಿಂದ ಉತ್ತರಕ್ಕೆ ಸುಮಾರು 16 ಕಿಲೋಮೀಟರು ದೂರದಲ್ಲಿ, ಸೀತಾನದಿಯ ದಡದ ಬಾರಕೂರಿನಲ್ಲಿ ಒಂದು ಕೋಟೆಯಿತ್ತೆಂಬುದನ್ನು ಅರಿತವರು ಸ್ವಲ್ಪವೇ. ಇದು ಮಕ್ಕಳ ಅಪರಾಧವಲ್ಲ. ಗೋಡೆ ಬಿದ್ದುಹೋದ ಕಡೆಯಲ್ಲಿ ಹಿರಿಯರೂ ಮೌನವಾಗಿದ್ದರೆ ಮಕ್ಕಳು ತಿಳಿಯುವುದು ಹೇಗೆ?

ಬಾರಕೂರು ಸಾಮಾನ್ಯ ಗ್ರಾಮವಾಗಿರಲಿಲ್ಲ. ಬಾರಹಕನ್ಯಾಪುರವೆಂದು ಶಾಸನಗಳಲ್ಲಿ ಹೆಸರುಗೊಂಡ ಈ ಪಟ್ಟಣವು ಆಳುಪ ಅರಸರ ರಾಜಧಾನಿಯಾಗಿತ್ತು. 13ನೆಯ ಶತಮಾನದ ಉತ್ತರಾರ್ಧದಲ್ಲಿ ಬಲ್ಲಮಹಾದೇವಿ ಎಂಬ ರಾಣಿಯೂ 14ನೆಯ ಶತಮಾನದ ಮಧ್ಯಭಾಗದಲ್ಲಿ ಹೊಯ್ಸಳ ಮೂರನೆಯ ವೀರಬಲ್ಲಾಳನ ರಾಣಿಯಾದ ಚಿಕ್ಕಾಯಿತಾಯಿಯೂ ಇಲ್ಲಿಂದ ತುಳುನಾಡನ್ನು ಆಳಿದರು. ಮುಂದೆ ಇದು ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಯಿತು. ಮೊದಲನೆಯ ಹರಿಹರನು ಇಲ್ಲಿ ಅಧಿಕಾರಿಯನ್ನು ನೇಮಿಸಿ ಕೋಟೆಯನ್ನು ಕಟ್ಟಿಸಿದನೆಂದು ಹೇಳಿಕೆಯುಂಟು. ಇಂದು ಆ ಸ್ಥಳದಲ್ಲಿ ಅವಶೇಷಗಳು ಮಾತ್ರ ಕಾಣುತ್ತವೆ; ಕೋಟೆಕೇರಿ ಎಂಬ ಹೆಸರಾದರೋ ಜನರ ಬಾಯಲ್ಲಿ ಇನ್ನೂ ಜೀವಿಸುತ್ತಿದೆ.

ಕೋಟೆಯನ್ನು ಕೆಡಹುವುದಕ್ಕೆ ಶತ್ರುವೇ ಬರಬೇಕೆಂದಿಲ್ಲ. ಅಧಿಕಾರವು ಇಕ್ಕೇರಿ, ಬಿದನೂರುಗಳಿಗೆ ಸರಿದ ಬಳಿಕ ಕರಾವಳಿಯ ಇಂಥ ಕೋಟೆಗಳನ್ನು ದುರಸ್ತುಮಾಡುವವರು ಯಾರು? ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಾಡಿದು. ಮಣ್ಣು ಕರಗುತ್ತದೆ, ಸಂದಿಗಳಲ್ಲಿ ಆಲದ ಬೇರು ಇಳಿಯುತ್ತದೆ. ಅಲ್ಲದೆ ನಮ್ಮ ಮುರಕಲ್ಲು ಕಡಿಯುವಾಗ ಮೃದುವಾಗಿದ್ದು ಗಾಳಿ ಬಿಸಿಲು ತಗಲಿದಂತೆ ಗಡುಸಾಗುತ್ತದೆ. ಆದಕಾರಣ ಹಳೆಯ ಗೋಡೆಯ ಕಲ್ಲೆಂದರೆ ಹದಗೊಂಡ ಸಿದ್ಧವಸ್ತು; ಬಾವಿಕಟ್ಟೆಗೂ ದನದ ಕೊಟ್ಟಿಗೆಗೂ ಅದನ್ನು ಹೊತ್ತುಕೊಂಡು ಹೋಗಲು ಯಾರಿಗಾದರೂ ಮನಸ್ಸಾಗುವುದು ಸಹಜ. ಹೀಗೆ ಕೋಟೆಗಳು ಕೂಗಿಲ್ಲದೆ ಅಳಿಯುತ್ತವೆ.

ಕುಂದಾಪುರದ ಸಮೀಪದ ಬಸರೂರೂ ಒಂದು ಕಾಲದಲ್ಲಿ ಗೋಡೆ ಸುತ್ತಿದ ದೊಡ್ಡ ಪಟ್ಟಣವಾಗಿತ್ತು. ಅಲ್ಲಿಯ ಅಕ್ಕಿಗಾಗಿ ಪೋರ್ತುಗೀಜರು ಬಂದರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆಯು ಆ ಸಂಪತ್ತಿಗಾಗಿಯೇ ಬಂದು ಪಟ್ಟಣವನ್ನು ಸೂರೆಗೊಂಡಿತು. ಕಾರ್ಕಳದ ಆಚೆ ಮೂಡುಬಿದಿರೆಯಲ್ಲಿ ಕೋಟೆಬಾಗಿಲು ಎಂಬ ಸ್ಥಳವಿದೆ. ದಾರಿಹೋಕರು ದಿನವೂ ಆ ಹೆಸರನ್ನು ಹೇಳುತ್ತಾರಾದರೂ ಬಾಗಿಲಿನ ಯೋಚನೆ ಎಷ್ಟು ಮಂದಿಗೆ ಬರುತ್ತದೆ?

ಯುದ್ಧಕ್ಕಾಗಿ ಕಟ್ಟಿದ ಗೋಡೆ ಬಿದ್ದುಹೋದರೆ ದುಃಖಿಸುವುದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯಲ್ಲಿ ನ್ಯಾಯವಿದೆ. ಕೋಟೆಯ ಬಾಗಿಲು ಕೆಲವರಿಗೆ ತೆರೆದು ಅನೇಕರಿಗೆ ಮುಚ್ಚಿಕೊಂಡೇ ಇದ್ದಿತು. ಎಲ್ಲ ಜಾತಿಮತಗಳ ಹೆಣ್ಣುಮಕ್ಕಳನ್ನು ಒಂದೇ ಬೆಂಚಿನಲ್ಲಿ ಕುಳ್ಳಿರಿಸುವ ಶಾಲೆಯವರಾದ ನಾವು ಆ ಗೋಡೆಗಳನ್ನು ಮರಳಿ ಎಬ್ಬಿಸಬೇಕೆಂದು ಬಯಸುವುದಿಲ್ಲ. ಆದರೆ ಕಲ್ಲು ಹೊತ್ತ ಕೂಲಿಯವಳ ಶ್ರಮವೂ ಆ ಗೋಡೆಯಲ್ಲಿತ್ತು. ಅರಸರ ಹೆಸರನ್ನು ಶಾಸನವು ಕಾಯುತ್ತದೆ. ಅವಳಿಗೆ ಆ ನೆಲವಲ್ಲದೆ ಬೇರೆ ಗುರುತಿಲ್ಲ.

ಬರೆದಿಟ್ಟ ಮಾತಿನ ಬೆಲೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಸುಮಾರು 1342ರಲ್ಲಿ ಈ ತೀರದಲ್ಲಿ ಪ್ರಯಾಣಮಾಡಿದ ಮೊರಾಕೊ ದೇಶದ ಇಬ್ನ್ ಬತೂತನು ಬಾರಕೂರನ್ನು ಫಾಕನೂರ್ ಎಂದು ಕರೆದು, ಅಲ್ಲಿಯ ಕಬ್ಬನ್ನು ಹೊಗಳಿ, ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುವೆಂದು ಬರೆದಿದ್ದಾನೆ. ಅದೇ ಯಾತ್ರಿಕನು ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳನ್ನು ಕಂಡೆನೆಂದೂ ತಿಳಿಸುತ್ತಾನೆ. ಮಿಶನರಿಗಳು ಈ ತೀರದಲ್ಲಿ ಶಾಲೆಗಳನ್ನು ತೆರೆಯುವುದಕ್ಕೆ ಬಹಳ ಮೊದಲೇ ಇಲ್ಲಿ ಬಾಲಿಕೆಯರು ಓದುತ್ತಿದ್ದರು! ಕಲಿಸಿದವರ ಹೆಸರಿಲ್ಲ, ಕಲಿತವರ ಹೆಸರಿಲ್ಲ. ಒಬ್ಬ ಪರದೇಶದವನು ಒಂದು ವಾಕ್ಯವನ್ನು ಬರೆಯದೆ ಇದ್ದಿದ್ದರೆ ನಮಗೆ ಇಷ್ಟೂ ತಿಳಿಯುತ್ತಿರಲಿಲ್ಲ.

ಪವಿತ್ರ ಗ್ರಂಥದ ನೆಹೆಮೀಯನ ಪುಸ್ತಕದ 3ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಗೋಡೆಯನ್ನು ಪುನಃ ಕಟ್ಟಿದವರ ಪಟ್ಟಿಯಿದೆ. ಅವರಲ್ಲಿ ಅನೇಕರು ತಂತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ಶಲ್ಲೂಮನೊಂದಿಗೆ ಅವನ ಕುಮಾರ್ತೆಯರೂ ಕೆಲಸಮಾಡಿದರು. ನಮ್ಮ ಹೆಣ್ಣುಮಕ್ಕಳಿಂದ ನಾವು ಅಪೇಕ್ಷಿಸುವುದೂ ಇಷ್ಟೇ. ಬ್ರಹ್ಮಾವರ, ಬಾರಕೂರು, ಕಾಪು, ಕಾರ್ಕಳ ಮೊದಲಾದ ಊರುಗಳ ಮನೆಗಳಲ್ಲಿರುವ ನೀವು ನಿಮ್ಮ ಮನೆಯ ಎದುರಿನ ಭಾಗವನ್ನು ನೋಡಿಕೊಳ್ಳಿರಿ. ಕೇರಿ, ಕಟ್ಟೆ, ಕಂದಕ, ಬಾಗಿಲು ಎಂಬ ಹೆಸರುಗಳುಳ್ಳ ಸ್ಥಳಗಳು ಎಲ್ಲೆಲ್ಲಿವೆಯೆಂದು ಮನೆಯ ಅಜ್ಜಿಯನ್ನು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಹಳೆಯ ಹಿತ್ತಿಲುಗಳು ಬಡಾವಣೆಗಳಾಗಿ ಹೊಸ ಹೆಸರು ಹೊಂದುತ್ತಿರುವ ಈ ದಿನಗಳಲ್ಲಿ ವಿಳಂಬ ಸಲ್ಲದು. ಹಿತ್ತಿಲಲ್ಲಿ ಅಕ್ಷರವುಳ್ಳ ಕಲ್ಲು ಸಿಕ್ಕಿದರೆ ಅದನ್ನು ಬಟ್ಟೆ ಒಗೆಯುವ ಕಲ್ಲಾಗಿ ಮಾಡಬೇಡಿರಿ, ಪ್ರಾಚ್ಯವಸ್ತು ಇಲಾಖೆಗೆ ತಿಳಿಸಿರಿ. ಸ್ಮಾರಕಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 1961ರ ಕಾನೂನೊಂದಿದೆ. ಆದರೆ ಹಿತ್ತಿಲು ಹಿತ್ತಿಲಿಗೂ ಕಾವಲು ಇಡಲು ಸರಕಾರದಿಂದಾಗದು, ಮನೆಯವರಿಂದಲೇ ಆಗಬೇಕು.

ಆ ನೋಟುಪುಸ್ತಕಗಳನ್ನು ಶಾಲೆಗೆ ಕಳುಹಿಸಿಕೊಟ್ಟರೆ ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಅವುಗಳಿಗೆ ಸ್ಥಳವನ್ನು ಮಾಡಿಕೊಡುವೆವು. ಬರೆದವಳ ಹೆಸರನ್ನೂ, ಹೇಳಿದ ಅಜ್ಜಿಯ ಹೆಸರನ್ನೂ ಮೊದಲನೆಯ ಪುಟದಲ್ಲಿ ಬರೆಯಲು ಮರೆಯಬೇಡಿರಿ.